ಕಿಂಡಿ ಸಣ್ಣದಾದಷ್ಟೂ ಜೋಗ ದೊಡ್ಡದು

ಓದುಗರ ಪ್ರಶ್ನೆ, ಆರ್ಕಿಟೆಕ್ಟ್ ಉತ್ತರ

ಹೋದ ತಿಂಗಳು ಇಲ್ಲಿ ಒಂದು ಮಾತು ಬರೆದಿದ್ದೆ. ಜಲಪಾತ, ಕಣಿವೆ, ಬೆಟ್ಟದ ಅಂಚು ಇಂಥ ಕಡೆ ಪ್ರವಾಸಿಗರಿಗೆ ಅಂತ ಕಟ್ಟಡ ಕಟ್ಟುವವರು ಪೆನ್ಸಿಲ್ ಹಿಡಿಯುವ ಮುಂಚೆ ಹತ್ತು ದಿನ ಅಲ್ಲಿ ಸುಮ್ನೆ ಕೂತು ಬರಬೇಕು ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕೆಲವರು ಒಪ್ಪಿದ್ದಾರೆ, ಕೆಲವರು ಬೈದಿದ್ದಾರೆ. ಒಬ್ಬರಂತೂ 'ಇಷ್ಟೆಲ್ಲ ಮಾತಾಡ್ತೀರಲ್ಲ, ನೀವು ಕಟ್ಟಿದ್ದು ಹೇಗಿದೆ?' ಅಂತ ಕೇಳಿದ್ದಾರೆ. ಅವರಿಗೂ ಉತ್ತರ ಇದೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದ ವಿದ್ಯಾರ್ಥಿನಿ. ಥೀಸಿಸ್‌ಗೆ ಜೋಗ ಜಲಪಾತದ ವಿಸಿಟರ್ ಸೆಂಟರ್ ಆರಿಸಿಕೊಂಡಿದ್ದೇನೆ. ಜಲಪಾತದ ಕಡೆಗೆ 40 ಮೀಟರ್ ಉದ್ದದ ಗಾಜಿನ ಗೋಡೆ ಇಟ್ಟಿದ್ದೆ. ಜ್ಯೂರಿಗೆ ಬಂದವರಲ್ಲಿ ಒಬ್ಬರು 'ಇದೇನು ಕಾರ್ ಷೋರೂಮಾ?' ಅಂದರು. ಇನ್ನೊಬ್ಬರು 'ಇನ್ನೂ ಐಕಾನಿಕ್ ಆಗಬೇಕು' ಅಂದರು. ಯಾರ ಮಾತು ಕೇಳಲಿ ಸರ್?
(ವಿದ್ಯಾರ್ಥಿನಿ, ಸಾಗರ)

ಉತ್ತರ: ಷೋರೂಮ್ ಅಂದವರ ಮಾತು ಕೇಳಿ. ಯಾಕೆ ಅಂತ ಅವರು ಬಿಡಿಸಿ ಹೇಳಿರಲಿಕ್ಕಿಲ್ಲ, ನಾನು ಹೇಳುತ್ತೇನೆ.

ಉಡುಪಿಗೆ ಹೋಗಿರುತ್ತೀರಿ. ಅಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದ. ಹೊರಗೋಡೆಯಲ್ಲಿ ಕನಕನ ಕಿಂಡಿ. ಕಣ್ಣು ಹತ್ತಿರ ತಂದು, ಕತ್ತಲೆಗೆ ಕಣ್ಣು ಹೊಂದುವ ತನಕ ತಡೆದು, ಹಿಂದಿನವರು ತಳ್ಳುವುದರೊಳಗೆ ನೋಡಿ ಮುಗಿಸಬೇಕು. ಆ ಗೋಡೆ ಒಡೆದು ಗಾಜು ಹಾಕಿದ್ದರೆ ಎಲ್ಲರಿಗೂ ಆರಾಮಾಗಿ ಕಾಣುತ್ತಿತ್ತು, ನಿಜ. ಆದರೆ ಯಾರಾದರೂ ಬಗ್ಗುತ್ತಿದ್ದರಾ? ಮನೆಗೆ ಬಂದು 'ದರ್ಶನ ಆಯ್ತು' ಅನ್ನುತ್ತಿದ್ದರಾ?

ಈಗ ಜೋಗದಲ್ಲಿ ಏನಾಗುತ್ತದೆ ನೋಡಿ. ಗಾಡಿ ಇಳಿದು ಸ್ವಲ್ಪ ನಡೆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ಸಲಕ್ಕೆ ಎದುರಿಗೆ. 'ಅಬ್ಬಾ' ಅಂದಾಯಿತು, ಫೋನ್ ಹೊರಗೆ ಬಂತು, ಮೂರನೇ ನಿಮಿಷಕ್ಕೆ ಬೆನ್ನು ಜಲಪಾತದ ಕಡೆಗೆ, ಮುಖ ಕ್ಯಾಮೆರಾ ಕಡೆಗೆ. ಆಮೇಲೆ ಮೆಣಸಿನಕಾಯಿ ಬಜ್ಜಿ. ಬಜ್ಜಿ ಬಗ್ಗೆ ನನಗೆ ತಕರಾರಿಲ್ಲ. ಆದರೆ 253 ಮೀಟರ್ ಅಂದರೆ ಎಂಬತ್ತು ಅಂತಸ್ತಿಗೂ ಜಾಸ್ತಿ ಎತ್ತರ. ಅಷ್ಟು ಎತ್ತರದಿಂದ ನದಿಯೇ ಬೀಳುತ್ತಿದೆ, ಮೂರು ನಿಮಿಷಕ್ಕೆ ಮುಗಿದುಹೋಯಿತು ಅಂದರೆ ನೋಡುವ ಜಾಗದಲ್ಲಿ ಏನೋ ಐಬಿದೆ ಅಂತ ತಾನೇ? ಕಣಿವೆಯ ಆಚೆ ದೂರದಲ್ಲಿ, ಪಕ್ಕದಲ್ಲಿ ಹೋಲಿಸಲು ಮನೆ ಮಠ ಏನೂ ಇಲ್ಲದೆ ನಿಂತಿರುವುದನ್ನು ಒಟ್ಟಿಗೆ ನೋಡಿದಾಗ ಕಣ್ಣಿಗೆ ಎತ್ತರದ ಲೆಕ್ಕ ಸಿಗುವುದಿಲ್ಲ. ನಿಮ್ಮ ಗಾಜಿನ ಗೋಡೆಯೂ ಇದನ್ನೇ ಮಾಡುತ್ತದೆ. ಎತ್ತರದ ವಸ್ತುವಿಗೆ ಅಗಲದ ಚೌಕಟ್ಟು ಹಾಕಿದರೆ ಅದು ಕುಳ್ಳಗೆ ಕಾಣುತ್ತದೆ.

ನಾನಾಗಿದ್ದರೆ ಮೊದಲು ಜಲಪಾತವನ್ನು ಮುಚ್ಚುತ್ತಿದ್ದೆ. ಗಾಡಿ ನಿಲ್ಲಿಸುವ ಜಾಗದಿಂದ ಅದು ಕಾಣಲೇಬಾರದು. ಅಲ್ಲಿಂದ ಜಂಬಿಟ್ಟಿಗೆ ಕಲ್ಲಿನ ಒಂದು ಉದ್ದ ಗೋಡೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. ಅದರ ಪಕ್ಕದಲ್ಲಿ ನಡೆಯುತ್ತಾ ಹೋಗಬೇಕು. ಮೊದಲು ಸದ್ದು ಬರುತ್ತದೆ. ಹೆಜ್ಜೆ ಹೆಜ್ಜೆಗೂ ಜಾಸ್ತಿಯಾಗುತ್ತದೆ. ಮಕ್ಕಳು 'ಎಲ್ಲಿ, ಎಲ್ಲಿ?' ಅಂತ ಕೇಳುತ್ತಾರೆ. ಆಗ ಗೋಡೆಯಲ್ಲಿ ಒಂದು ಸೀಳು. ಬಾಗಿಲಿನ ಅರ್ಧದಷ್ಟು ಅಗಲ, ನೆಲದಿಂದ ಮೇಲಿನ ತನಕ. ಅದರಲ್ಲಿ ರಾಜ ಒಬ್ಬನೇ. ಮೇಲಿಂದ ನೆಟ್ಟಗೆ ಬೀಳುತ್ತಿದ್ದಾನೆ, ಬುಡ ಕಾಣುವುದಿಲ್ಲ. ಎಲ್ಲಿಗೆ ಬೀಳುತ್ತಿದ್ದಾನೆ ಅಂತ ಗೊತ್ತಾಗದಿದ್ದರೆ ತಾನೇ ಎತ್ತರ ಹೊಟ್ಟೆಯೊಳಗೆ ಇಳಿಯುವುದು.

ಇನ್ನು ಸ್ವಲ್ಪ ಮುಂದೆ ರಾಣಿ. ಅವಳು ಧುಮುಕುವುದಿಲ್ಲ, ಬಂಡೆಯ ಮೇಲೆ ಬಳುಕಿ ಇಳಿಯುತ್ತಾಳೆ. ಅವಳಿಗೆ ತಗ್ಗಿನ ಕಿಟಕಿ, ಎದುರಿಗೆ ಕಲ್ಲಿನ ಕಟ್ಟೆ. ಕೂತರೆ ಮಾತ್ರ ಕಾಣಬೇಕು, ನಿಂತವರಿಗೆ ಬರೀ ಗೋಡೆ. ರೋರರ್‌ಗೆ ನನ್ನ ಪ್ರಕಾರ ಕಿಟಕಿಯೇ ಬೇಡ. ಅವನ ಹೆಸರೇ ಅವನ ಸದ್ದು. ಒಂದು ಮೂಲೆಯಲ್ಲಿ ಕಣ್ಣಿಗೆ ಏನೂ ಕಾಣದೆ ಸದ್ದು ಮಾತ್ರ ಬರುವ ಹಾಗೆ ಗೋಡೆಯನ್ನು ತಿರುಗಿಸಿ ಬಿಡಿ. ಇದು ಜ್ಯೂರಿಗೆ ಇಷ್ಟವಾಗದಿರಬಹುದು. ನನ್ನ ಹೆಸರು ಹೇಳಿ. ಅಂದ ಹಾಗೆ ನಿಮ್ಮ ಗಾಜಿನ ಗೋಡೆಯ ದೊಡ್ಡ ತೊಂದರೆಯೂ ಇದೇ. ಗಾಜು ನೋಟ ಕೊಟ್ಟು ಸದ್ದನ್ನು ಕಿತ್ತುಕೊಳ್ಳುತ್ತದೆ. ಎಸಿ ಹಾಲ್‌ನಲ್ಲಿ ನಿಂತು ಜೋಗ ನೋಡುವುದು ಮ್ಯೂಟ್ ಮಾಡಿದ ಟಿವಿ ನೋಡಿದ ಹಾಗೆ.

ಕೊನೆಗೆ ಗೋಡೆ ಮುಗಿದು ಜಗಲಿ. ಇಲ್ಲಿ ಪೂರ್ತಿ ತೆರೆಯಿರಿ. ಆದರೆ ಹಾಲ್ ಮಾಡಬೇಡಿ, ಜಗಲಿಯನ್ನೇ ಮಾಡಿ. ಯಾಕೆ ಅಂದರೆ ಜುಲೈನಲ್ಲಿ ಅಲ್ಲಿಗೆ ಹೋದವರಿಗೆ ಗೊತ್ತು: ನೀರು ಭರ್ತಿ ಇರುತ್ತದೆ, ಆದರೆ ಮಂಜು ಮುಚ್ಚಿ ಏನೂ ಕಾಣುವುದಿಲ್ಲ. ಹತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ. ಆಮೇಲೆ ಗಾಳಿ ಬೀಸಿ ಪರದೆ ಎತ್ತಿದ ಹಾಗೆ ತೆರೆಯುತ್ತದೆ, ಜನ ಕಿರುಚುತ್ತಾರೆ, ಮತ್ತೆ ಮುಚ್ಚುತ್ತದೆ. ಇಷ್ಟು ಒಳ್ಳೆಯ ನಾಟಕ ದಿನವೂ ನಡೆಯುತ್ತಿರುವಾಗ ನೋಡುವವರು ಛತ್ರಿ ಹಿಡಿದು ಒದ್ದೆಯಾಗಿ ನಿಂತು, ಬೇಸತ್ತು ವಾಪಸ್ ಹೋಗುತ್ತಾರೆ. ಅವರಿಗೆ ಬೇಕಿರುವುದು ಕಾಯುವ ಜಾಗ. ಮಳೆ ಎರಚಲು ಒಳಗೆ ಬರದಷ್ಟು ಮುಂದಕ್ಕೆ ಇಳಿಸಿದ ಹೆಂಚಿನ ಮಾಡು, ಬೆನ್ನು ಒರಗಿಸಲು ಒಣಗಿದ ಗೋಡೆ, ಬಿಸಿ ಕಾಫಿ ಅಥವಾ ಕಷಾಯ. ಮಲೆನಾಡಿನ ಮನೆಗಳಲ್ಲಿ ಮಳೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಯಾರೂ ಕಂಡುಹಿಡಿದಿಲ್ಲ.

ಕಾಯಿಸುವುದನ್ನೇ ಕಸುಬು ಮಾಡಿಕೊಂಡ ಕಟ್ಟಡಗಳು ಬೇರೆ ಕಡೆಯೂ ಇವೆ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಓಲ್ಡ್ ಫೇತ್‌ಫುಲ್ ಅನ್ನುವ ಬಿಸಿನೀರಿನ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಅದರ ಎದುರಿಗೆ 2010ರಲ್ಲಿ ತೆರೆದ ಕೇಂದ್ರದಲ್ಲಿ ಮುಂದಿನ ಚಿಮ್ಮು ಎಷ್ಟು ಹೊತ್ತಿಗೆ ಅಂತ ಬರೆದು ಹಾಕುತ್ತಾರೆ. ಬಸ್ ಸ್ಟ್ಯಾಂಡ್ ಬೋರ್ಡಿನ ಹಾಗೆ. ಜನ ಅಲ್ಲಿಯವರೆಗೆ ನೆಲದಡಿ ಏನು ನಡೆಯುತ್ತಿದೆ ಅಂತ ಓದಿಕೊಂಡು ಹೊರಗೆ ಬರುತ್ತಾರೆ. ಜೋಗದ ಮಂಜಿಗೆ ವೇಳಾಪಟ್ಟಿ ಇಲ್ಲ, ಅದು ಬೇರೆ ವಿಷಯ.

ಇನ್ನು ಬೇಸಿಗೆ. ಇದನ್ನು ನಿಮ್ಮ ಡ್ರಾಯಿಂಗ್‌ನಲ್ಲಿ ಯೋಚಿಸಿಯೇ ಇಲ್ಲ ಅನ್ನಿಸುತ್ತದೆ. ಏಪ್ರಿಲ್‌ನಲ್ಲಿ ಬಂದವರಿಗೆ ಕಾಣುವುದು ಕಪ್ಪು ಬಂಡೆ, ಅದರ ಮೇಲೆ ಎರಡು ಬಿಳಿ ದಾರ. 'ಇದೇನಾ ಜೋಗ, ಇದಕ್ಕಾ ಇಷ್ಟು ದೂರ ಬಂದಿದ್ದು?' ಅಂತ ಗೊಣಗುತ್ತಾರೆ. ನೀರು ಎಲ್ಲಿ ಹೋಯಿತು ಅಂತ ಹೇಳಬೇಕಾದ್ದು ನಿಮ್ಮ ಕಟ್ಟಡ. ಮೇಲೆ ಲಿಂಗನಮಕ್ಕಿ ಇದೆ, 1964ರ ಅಣೆಕಟ್ಟು. ಕೆಳಗೆ 1948ರಿಂದ ಕರೆಂಟ್ ಕೊಡುತ್ತಿರುವ ಮಹಾತ್ಮ ಗಾಂಧಿ ವಿದ್ಯುದಾಗಾರ ಇದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟು ಈಗ ಅದೇ ಹಿನ್ನೀರಿನಲ್ಲಿ ಮುಳುಗಿದೆ, ನೀರು ತೀರಾ ಇಳಿದ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಅದರ ಜೊತೆ ಊರುಗಳೂ ಮುಳುಗಿದವು. ಮನೆ ಬಿಟ್ಟು ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ, ಹೋಗಿ ಮಾತಾಡಿಸಿ. ಬಂಡೆ ಖಾಲಿ ಕಾಣುವ ದಿನ ಈ ಕಥೆಗೆ ಇರುವ ತೂಕ ಮಳೆಗಾಲದಲ್ಲಿ ಇರುವುದಿಲ್ಲ. ಅದೇ ಬಂಡೆಗೆ ಎದುರಾಗಿ ಒಂದು ಕೋಣೆ ಇಡಿ, ಬೇಸಿಗೆಯ ಕೋಣೆ.

ಐಕಾನಿಕ್ ಅಂದವರಿಗೆ ನಾರ್ವೆಯ ಒಂದು ಕಟ್ಟಡ ತೋರಿಸಿ. ಡೋವ್ರೆ ಬೆಟ್ಟಗಳಲ್ಲಿ, ಕಾಡು ಹಿಮಸಾರಂಗ ನೋಡಲು ಅಂತ ಸ್ನೋಹೆಟ್ಟಾ ಸಂಸ್ಥೆ 2011ರಲ್ಲಿ ಮಾಡಿದ್ದು. ಬರೀ 90 ಚದರ ಮೀಟರ್, ಬೆಂಗಳೂರಿನ ಸಣ್ಣ ಎರಡು ಬೆಡ್‌ರೂಮ್ ಫ್ಲ್ಯಾಟಿನಷ್ಟು. ಗಾಡಿ ಕೆಳಗೆ ಬಿಟ್ಟು ನಡೆದೇ ಹೋಗಬೇಕು. ಹೊರಗೆ ಒಂದು ಉಕ್ಕಿನ ಪೆಟ್ಟಿಗೆ, ಒಳಗೆ ಪೈನ್ ಮರದ ದಪ್ಪ ತೊಲೆಗಳನ್ನು ದೋಣಿ ಕಟ್ಟುವವರು ಯಂತ್ರದಿಂದ ಕಡೆದು ಅಲೆಯ ಹಾಗೆ ಮಾಡಿದ ಕೂರುವ ಜಾಗ. ಒಂದು ಮುಖಕ್ಕೆ ಪೂರ್ತಿ ಗಾಜು. 'ಅಲ್ಲಿ ಗಾಜು ಇದೆಯಲ್ಲ ಸರ್' ಅನ್ನಬೇಡಿ. ಅಲ್ಲಿ ಗಾಜಿಲ್ಲದಿದ್ದರೆ ಪ್ರಾಣಿ ಬರುವ ತನಕ ಕಾಯುವವರು ಚಳಿಗೆ ಸೆಟೆದು ಹೋಗುತ್ತಾರೆ. ಉಳಿದ ಕಡೆ ಮುಚ್ಚಿದ್ದಾರೆ ಅನ್ನುವುದನ್ನೂ ಗಮನಿಸಿ. ಜಗಲಿ ನಮ್ಮ ಮಳೆಗೆ ಹುಟ್ಟಿದ್ದು, ಆ ಗಾಜು ಅವರ ಚಳಿಗೆ ಹುಟ್ಟಿದ್ದು.

ಪ್ರಶ್ನೆ: ಅಮ್ಮನಿಗೆ 74 ವರ್ಷ, ವೀಲ್‌ಚೇರ್‌ನಲ್ಲಿದ್ದಾರೆ. ನೋಡಬೇಕು ಅಂತ ಆಸೆ ಜಾಸ್ತಿ. ಯಾವ ವ್ಯೂ ಪಾಯಿಂಟಿಗೆ ಕರೆದುಕೊಂಡು ಹೋದರೂ ರೇಲಿಂಗ್ ಪೈಪು ಸರಿಯಾಗಿ ಅವರ ಕಣ್ಣಿಗೇ ಅಡ್ಡ ಬರುತ್ತದೆ. 'ಪೈಪು ಚೆನ್ನಾಗಿದೆ ಕಣೋ' ಅಂತ ನಗುತ್ತಾರೆ. ಇದಕ್ಕೆ ದಾರಿಯೇ ಇಲ್ಲವೇ?
(ದಾವಣಗೆರೆ)

ಉತ್ತರ: ಇದೆ, ಖರ್ಚೂ ಜಾಸ್ತಿ ಇಲ್ಲ. ಯೋಚಿಸುವವರು ಇಲ್ಲ ಅಷ್ಟೇ. ವೀಲ್‌ಚೇರ್‌ನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ನಿಂತವರು ಬೀಳದಿರಲಿ ಅಂತ ಹಾಕುವ ರೇಲಿಂಗ್ ಕೂಡ ಹೆಚ್ಚೂಕಡಿಮೆ ಅಷ್ಟೇ ಎತ್ತರ. ಎರಡೂ ಒಂದೇ ಗೆರೆಯಲ್ಲಿ ಬಂದು ಕೂತಿವೆ. ಆರೇಳು ವರ್ಷದ ಮಕ್ಕಳ ಗತಿಯೂ ಇದೇ. ಅದಕ್ಕೇ ಅವರು ಪೈಪು ಹತ್ತುತ್ತಾರೆ, ನಾವು ಬೈಯುತ್ತೇವೆ.

ನಾನು ಮಾಡುವ ಉಪಾಯ ಇದು. ಕಟ್ಟೆಯನ್ನು ಎರಡು ಮಟ್ಟ ಮಾಡುವುದು. ಅಂಚಿನ ಭಾಗ 60 ಸೆಂಟಿಮೀಟರ್ ತಗ್ಗಿಸುವುದು, ರೇಲಿಂಗ್ ಆ ತಗ್ಗಿನಲ್ಲಿ. ಆಗ ಹಿಂದಿನ ಮೇಲ್ಮಟ್ಟದಲ್ಲಿ ಕೂತವರಿಗೆ ಪೈಪು ಮೊಣಕಾಲಿನ ಮಟ್ಟಕ್ಕೆ ಹೋಯಿತು, ಕಣ್ಣಿಗೆ ಅಡ್ಡ ಇಲ್ಲ. ಮೇಲ್ಮಟ್ಟದ ಅಂಚಿಗೆ ಗಾಲಿ ಜಾರದ ಹಾಗೆ ಒಂದು ದಿಂಡು ಇರಲೇಬೇಕು. ಗಾಲಿಕುರ್ಚಿಯವರು ಕೆಳಗೂ ಇಳಿಯುವ ಹಾಗಿರಬೇಕು ಅಂದರೆ 1:12 ಇಳಿಜಾರಿನ ಲೆಕ್ಕದಲ್ಲಿ 60 ಸೆಂಟಿಮೀಟರಿಗೆ 7.2 ಮೀಟರ್ ಉದ್ದದ ರ್‍ಯಾಂಪ್ ಬೇಕು. ಹೊಸದಾಗಿ ಕಟ್ಟುವಾಗ ಇದು ಏನೂ ಅಲ್ಲ.

ಹಳೆಯ ಕಟ್ಟೆ ಆದರೆ ಅಡ್ಡ ಪೈಪುಗಳನ್ನು ತೆಗೆದು ಸಣ್ಣ ಕಂಬಿಯ ಜಾಲರಿ ಹಾಕಿ, ಅದಕ್ಕೆ ಮ್ಯಾಟ್ ಕಪ್ಪು ಬಣ್ಣ ಬಳಿದರೆ ಸಾಕು. ಹೊಳೆಯುವ ಸ್ಟೀಲ್ ಬೆಳಕು ಹಿಡಿದು ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಜಾಲರಿಯ ಆಚೆಗೆ ಕಣ್ಣು ತಾನಾಗಿ ಹೋಗುತ್ತದೆ. ಸೊಳ್ಳೆ ಪರದೆ ಹಾಕಿದ ಕಿಟಕಿಯಿಂದ ಹೊರಗೆ ನೋಡುವಾಗ ಪರದೆ ಮರೆತುಹೋಗುತ್ತದಲ್ಲ, ಹಾಗೆ. ಆದರೂ ಎಲ್ಲ ಕಡೆ ಹೊಳೆಯುವ ಸ್ಟೀಲೇ ಹಾಕುತ್ತಾರೆ. ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತದೆ ಅಂತಿರಬೇಕು.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅವರ ಮಾತನ್ನು ನನ್ನ ಆಫೀಸಿನ ಗೋಡೆ ಮೇಲೆ ಬರೆದು ಹಾಕಿಕೊಳ್ಳುತ್ತೇನೆ.

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿದ್ದಾಳೆ. ಹೋದ ವರ್ಷ ಹೋದಾಗ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ತೋರಿಸಿದಳು. ಕಲ್ಲಿನ ಕಂಬಗಳು ಅದ್ಭುತ. ಆದರೆ ವಿಸಿಟರ್ ಸೆಂಟರ್ ಎಲ್ಲಿದೆ ಅಂತ ಹುಡುಕಬೇಕಾಯಿತು, ಮೇಲೆ ಹುಲ್ಲು ಬೆಳೆದಿದೆ. ಒಳಗೆ ಹೋದರೆ ಅಲ್ಲಿಂದ ಕಂಬಗಳೂ ಕಾಣುವುದಿಲ್ಲ! ಇಷ್ಟು ದುಡ್ಡು ಹಾಕಿ ಇದೇನು ಕಟ್ಟಿದ್ದಾರೆ?
(ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಮೇಷ್ಟ್ರೇ, ಹುಡುಕಬೇಕಾಯಿತು ಅಂದಿರಲ್ಲ, ಕಟ್ಟಿದವರು ಈ ಪತ್ರ ಓದಿದರೆ ಖುಷಿಪಡುತ್ತಾರೆ. ಅವರೂ ಡಬ್ಲಿನ್‌ನವರೇ, ಹೆನೆಗನ್ ಪೆಂಗ್ ಅನ್ನುವ ಸಂಸ್ಥೆ. ಅಲ್ಲಿದ್ದ ಹಳೆಯ ಕೇಂದ್ರ 2000ದಲ್ಲಿ ಬೆಂಕಿಗೆ ಸುಟ್ಟುಹೋಯಿತು. ಹೊಸದು ತೆರೆದದ್ದು 2012ರಲ್ಲಿ. ಹನ್ನೆರಡು ವರ್ಷ! ನಮ್ಮಲ್ಲಿ ಮಾತ್ರ ತಡ ಆಗುತ್ತದೆ ಅಂದುಕೊಳ್ಳಬೇಡಿ.

ಆ ಕಟ್ಟಡವನ್ನು ನೆಲದಲ್ಲಿ ಮಾಡಿದ ಎರಡು ಮಡಿಕೆ ಅಂತ ನೋಡಬೇಕು. ಚಾಪೆಯ ಅಂಚು ಎತ್ತಿದ ಹಾಗೆ ನೆಲ ಒಂದು ಕಡೆ ಮೇಲೆದ್ದಿದೆ, ಅದರಡಿಯಲ್ಲಿ ಕಟ್ಟಡ. ಇನ್ನೊಂದು ಕಡೆ ನೆಲ ತಗ್ಗಿದೆ, ಅದರಲ್ಲಿ ಕಾರುಗಳು ಅಡಗಿವೆ. ಗೋಡೆಯಲ್ಲಿ ಸಾಲಾಗಿ ಕಪ್ಪು ಕಂಬಗಳಿದ್ದವಲ್ಲ, ಅವೂ ಬಸಾಲ್ಟ್, ಸಮುದ್ರದ ಹತ್ತಿರ ನೀವು ನೋಡಿದ ಜಾತಿಯದೇ ಕಲ್ಲು.

ಒಳಗಿಂದ ಯಾಕೆ ಕಾಣುವುದಿಲ್ಲ ಅಂದರೆ, ಕಂಬಗಳಿರುವುದು ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಕೆಳಗೆ, ದಡದಲ್ಲಿ. ಸುಮಾರು 40,000 ಕಂಬಗಳು, ಹೆಚ್ಚಿನವು ಆರು ಮೂಲೆಯವು, ಸುಮಾರು ಆರು ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗುತ್ತಾ ಬಿರುಕು ಬಿಟ್ಟು ಆದದ್ದು. ಅದು ದೂರದಿಂದ ಕಿಟಕಿಯಲ್ಲಿ ನೋಡುವ ವಸ್ತು ಅಲ್ಲ, ಮೇಲೆ ಹತ್ತಿ ಕೂರುವ ವಸ್ತು. ನೀವೂ ಹತ್ತಿ ಕೂತಿರುತ್ತೀರಿ. ಹಾಗಾಗಿ ಅಲ್ಲಿ ಕಟ್ಟಡದ ಕೆಲಸ ಟಿಕೆಟ್, ಟಾಯ್ಲೆಟ್, ಟೀ ಮತ್ತು ಕಥೆ ಇಷ್ಟನ್ನು ಮೇಲೆಯೇ ಮುಗಿಸಿ ಬಂದವರನ್ನು ಬರಿಗೈಲಿ ಕೆಳಗೆ ಕಳಿಸುವುದು. ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಹೋದ ಹಾಗೆ. ಹಿಂದಿನ ಉತ್ತರದಲ್ಲಿ ಸೀಳು, ಕಿಟಕಿ ಅಂತೆಲ್ಲ ಬರೆದೆ. ಕೆಲವು ಜಾಗಕ್ಕೆ ಅದೂ ಬೇಡ, ದೂರ ನಿಂತರೆ ಸಾಕು.

ಇಂಥ ಕಲ್ಲಿಗೆ ನೀವು ಐರ್ಲೆಂಡಿನವರೆಗೆ ಹೋಗಬೇಕಿರಲಿಲ್ಲ ಅಂತಲೂ ಹೇಳಿಬಿಡುತ್ತೇನೆ, ಮಗಳು ಬೇಜಾರು ಮಾಡಿಕೊಳ್ಳದಿದ್ದರೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. ಅಲ್ಲೂ ಲಾವಾ ತಣ್ಣಗಾಗಿ ನಿಂತ ಕಂಬಗಳೇ. ಐರ್ಲೆಂಡಿನದಕ್ಕಿಂತ ಹಳೆಯವು, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದವು. ಅಲ್ಲಿ ಏನು ಕಟ್ಟಬೇಕು ಅಂತ ನನ್ನನ್ನು ಕೇಳಿದರೆ, ದ್ವೀಪದಲ್ಲಿ ಏನೂ ಬೇಡ ಅನ್ನುತ್ತೇನೆ. ಕಟ್ಟುವುದಿದ್ದರೆ ಮಲ್ಪೆಯ ದಡದಲ್ಲಿ, ಜನ ದೋಣಿಗೆ ಕಾಯುವ ಕಡೆ ಕಟ್ಟಿ. ಹೇಗೂ ಕಾಯುತ್ತಿರುತ್ತಾರೆ. ಹೋಗುವ ಮುಂಚೆ ಕಥೆ ಗೊತ್ತಾದರೆ ದ್ವೀಪದಲ್ಲಿ ಕಂಬಗಳ ಮೇಲೆ ಹೆಸರು ಕೆತ್ತುವವರು ಸ್ವಲ್ಪ ಕಡಿಮೆಯಾಗಬಹುದು.

ಪ್ರಶ್ನೆ: ನಾನು ಪಂಚಾಯಿತಿ ಸದಸ್ಯ. ನಮ್ಮ ಊರಲ್ಲಿ ಒಂದು ಕಣಿವೆ ಇದೆ, ಶನಿವಾರ ಭಾನುವಾರ ಜನ ಬರುತ್ತಾರೆ. ಗಾಜಿನ ಸೇತುವೆ ಮಾಡಿದರೆ ಊರು ಅಭಿವೃದ್ಧಿ ಆಗುತ್ತದೆ ಅಂತ ಒಬ್ಬ ಕಂಟ್ರಾಕ್ಟರ್ ಪ್ಲಾನ್ ತಂದಿದ್ದಾರೆ. ನಿಮ್ಮ ಅಭಿಪ್ರಾಯ?
(ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಜನ ಬರುತ್ತಾರೆ, ಸುಳ್ಳು ಹೇಳುವುದಿಲ್ಲ. ಟಿಕೆಟ್ ದುಡ್ಡೂ ಬರುತ್ತದೆ. ಆದರೆ ಗಾಜಿನ ನೆಲದ ಮೇಲೆ ನಿಂತವರನ್ನು ಒಂದು ಸಲ ಗಮನಿಸಿ. ಎಲ್ಲರೂ ತಮ್ಮ ಪಾದ ನೋಡಿಕೊಳ್ಳುತ್ತಿರುತ್ತಾರೆ. ಎದುರಿಗೆ ಕಣಿವೆ ಇದೆ, ಯಾರೂ ತಲೆ ಎತ್ತುವುದಿಲ್ಲ. ಅಲ್ಲಿ ಮಾರುವುದು ಭಯವನ್ನು. ಭಯ ಮಾರುವುದಕ್ಕೆ ನಿಮ್ಮ ಊರಿನ ಕಣಿವೆಯೇ ಆಗಬೇಕು ಅಂತೇನಿಲ್ಲ, ಜಾತ್ರೆಯ ತೊಟ್ಟಿಲೂ ಆಗುತ್ತದೆ. ನಾಳೆ ಪಕ್ಕದ ತಾಲ್ಲೂಕಿನವರು ಇನ್ನೂ ಹತ್ತು ಅಡಿ ಉದ್ದದ ಸೇತುವೆ ಮಾಡಿದರೆ ಜನ ಅಲ್ಲಿಗೆ. ನಿಮಗೆ ಉಳಿಯುವುದು ಮೇಂಟೆನೆನ್ಸ್.

ಅಂಚಿನಿಂದ ಮುಂದಕ್ಕೆ ಚಾಚಲೇಬೇಕು ಅನ್ನುವುದಾದರೆ ನಾರ್ವೆಯ ಸ್ಟೆಗಾಸ್ಟೈನ್ ನೋಡಿ. 2006ರದು. ಕೆಳಗಿನ ಸಮುದ್ರದ ಕವಲಿನಿಂದ 650 ಮೀಟರ್ ಮೇಲೆ, ಬೆಟ್ಟದಿಂದ 30 ಮೀಟರ್ ಹೊರಗೆ ಚಾಚಿದ ಮರದ ಹಾದಿ. ನೆಲ ಪೂರ್ತಿ ಮರ, ಗಟ್ಟಿ. ತುದಿಯಲ್ಲಿ ಮಾತ್ರ ಆ ಹಾದಿ ಜಾರುಬಂಡೆಯ ಹಾಗೆ ಕೆಳಗೆ ಬಾಗಿ ಹೋಗುತ್ತದೆ, ಅಲ್ಲಿ ತಡೆಗೆ ಒಂದು ಗಾಜು. ನಡೆಯುವಾಗ ಕಾಲಿಗೆ ಧೈರ್ಯ ಇರುತ್ತದೆ, ಹಾಗಾಗಿ ಕಣ್ಣು ದೂರ ಹೋಗುತ್ತದೆ. ಕೊನೆಯ ಎರಡು ಹೆಜ್ಜೆಯಲ್ಲಿ ಮಾತ್ರ ಎದೆ ಧಸಕ್ ಅನ್ನುತ್ತದೆ.

ಇನ್ನೊಂದು ಹೋಲಿಕೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ 2007ರಲ್ಲಿ ತೆರೆದ ಕುದುರೆ ಲಾಳದ ಆಕಾರದ ಗಾಜಿನ ಸೇತುವೆ ಎಲ್ಲರಿಗೂ ಗೊತ್ತು. ಅದೇ ಕಣಿವೆಯ ಇನ್ನೊಂದು ಕಡೆ ಮೇರಿ ಕೋಲ್ಟರ್ ಅನ್ನುವ ಆರ್ಕಿಟೆಕ್ಟ್ 1914ರಲ್ಲೇ ಲುಕ್ಔಟ್ ಸ್ಟುಡಿಯೋ ಅಂತ ಒಂದು ಕಟ್ಟಡ ಮಾಡಿದ್ದರು. ಅಲ್ಲಿನದೇ ಕಲ್ಲು, ಮೇಲ್ಭಾಗ ಅಂಕುಡೊಂಕು. ದೂರದಿಂದ ನೋಡಿದರೆ ಬಂಡೆಯ ಅಂಚೇ ಸ್ವಲ್ಪ ಉಬ್ಬಿದೆ ಅನ್ನಿಸುತ್ತದೆ. 1932ರಲ್ಲಿ ಅವರೇ ಕಟ್ಟಿದ 21 ಮೀಟರ್ ಎತ್ತರದ ಗೋಪುರದ ಹತ್ತಿರ ಕಪ್ಪು ಗಾಜಿನ ಕನ್ನಡಿಗಳಿವೆ. ಕಣಿವೆಗೆ ಬೆನ್ನು ಹಾಕಿ ಆ ಕನ್ನಡಿಯಲ್ಲಿ ನೋಡಿದರೆ ಬಿಸಿಲಿನ ಝಳ ಇಳಿದು, ಅಷ್ಟು ದೊಡ್ಡ ಕಣಿವೆ ಅಂಗೈಯಗಲದ ಚಿತ್ರದ ಹಾಗೆ, ಬಣ್ಣ ಗಾಢವಾಗಿ ಕಾಣುತ್ತದೆ. ಎದುರಿಗೆ ಇಡೀ ಕಣಿವೆ ಬಿದ್ದಿದ್ದರೂ ಜನ ಆ ಸಣ್ಣ ಕನ್ನಡಿಗೆ ಬಗ್ಗುತ್ತಾರೆ. ಕನಕನ ಕಿಂಡಿಗೆ ಬಗ್ಗಿದ ಹಾಗೇ.

ಆ ಪ್ಲಾನನ್ನು ಸದ್ಯಕ್ಕೆ ಮೇಜಿನ ಖಾನೆಯಲ್ಲಿ ಇಡಿ. ಮೊದಲು ಏನು ಮಾಡಬೇಕು ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಜಲಪಾತದ ಹತ್ತಿರ ಹದಿನೈದು ವರ್ಷದಿಂದ ಚುರುಮುರಿ, ಮಜ್ಜಿಗೆ ಮಾರುತ್ತಿದ್ದೇನೆ. ಹೊಸ ಕೇಂದ್ರ ಆಗುತ್ತದೆ, ಅಂಗಡಿ ಎಲ್ಲ ಎತ್ತಬೇಕು ಅಂತ ಸುದ್ದಿ. ನಿಮ್ಮಂಥವರ ಡ್ರಾಯಿಂಗಿನಲ್ಲಿ ನಮ್ಮಂಥವರಿಗೆ ಜಾಗ ಯಾಕೆ ಇರುವುದಿಲ್ಲ?
(ಊರು ಬರೆದಿಲ್ಲ)

ಉತ್ತರ: ಅಣ್ಣಾ, ಪ್ರಶ್ನೆ ಸರಿಯಾಗಿದೆ. ಡ್ರಾಯಿಂಗಿನಲ್ಲಿ ನಾವು ಬಿಡಿಸುವ ಮನುಷ್ಯರು ಎಲ್ಲರೂ ಸಣ್ಣಗೆ ಇರುತ್ತಾರೆ, ಬಲೂನು ಹಿಡಿದಿರುತ್ತಾರೆ, ಯಾರಿಗೂ ಹಸಿವಾಗುವುದಿಲ್ಲ. ಅದು ನಮ್ಮ ತಪ್ಪು.

ನಾನು ನೋಡಿದ ಮಟ್ಟಿಗೆ ಇಂಥ ಜಾಗದಲ್ಲಿ ಮೊದಲು ತೀರ್ಮಾನ ಆಗಬೇಕಾದ್ದು ಮೂರು: ಗಾಡಿ ಎಲ್ಲಿ, ಟಾಯ್ಲೆಟ್ ಎಲ್ಲಿ, ಅಂಗಡಿ ಎಲ್ಲಿ. ಇವು ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿಯಿತು. ಗಾಡಿ ಐದು ನಿಮಿಷ ನಡೆಯುವಷ್ಟು ದೂರದಲ್ಲಿ ನಿಲ್ಲಬೇಕು. ಆ ಐದು ನಿಮಿಷದ ದಾರಿ ಇದೆಯಲ್ಲ, ಅಂಗಡಿಗಳು ಅಲ್ಲಿ. ಒಂದೇ ಮಾಡಿನಡಿ, ನೀರು, ಕರೆಂಟು, ಕಸದ ಬುಟ್ಟಿ ಸಮೇತ. ಜನ ಹೋಗುವಾಗಲೂ ನಿಮ್ಮ ಮುಂದೆ, ಬರುವಾಗಲೂ ನಿಮ್ಮ ಮುಂದೆ. ಅಂಚಿನಲ್ಲಿ ಮಾತ್ರ ಅಂಗಡಿ ಬೇಡ. ಕಾರಣ ನಿಮಗೇ ಗೊತ್ತು, ಪ್ಲಾಸ್ಟಿಕ್ ಕಣಿವೆಗೆ ಹೋಗುತ್ತದೆ, ಕೋತಿಗಳ ಕಾಟ ಬೇರೆ. ಕೇಂದ್ರದವರು ನಿಮ್ಮನ್ನು ಎತ್ತಿ ಒಳಗೆ ಒಂದು ದೊಡ್ಡ ಕೆಫೆ ಮಾಡಿ ಪ್ಯಾಕೆಟ್ ಚಿಪ್ಸ್ ಮಾರುತ್ತೇವೆ ಅಂದರೆ ಒಪ್ಪಬೇಡಿ. ಪ್ಲಾನಿನ ಸಭೆ ಕರೆದಾಗ ಎಲ್ಲ ಅಂಗಡಿಯವರೂ ಒಟ್ಟಿಗೆ ಹೋಗಿ. ಕಟ್ಟಿದ ಮೇಲೆ ಹೋದರೆ ಪ್ರಯೋಜನ ಇಲ್ಲ.

ಟಾಯ್ಲೆಟ್ ಬಗ್ಗೆ ಒಂದು ಮಾತು. ನಾರ್ವೆಯಲ್ಲಿ ಪ್ರವಾಸಿ ರಸ್ತೆಗಳು ಅಂತ 18 ದಾರಿಗಳನ್ನು ಆರಿಸಿಕೊಂಡು, ಅವುಗಳ ಪಕ್ಕದ ಟಾಯ್ಲೆಟ್, ಬೆಂಚು, ಕಟ್ಟೆಗಳನ್ನು ಒಳ್ಳೊಳ್ಳೆ ಆರ್ಕಿಟೆಕ್ಟ್‌ಗಳಿಂದ ಮಾಡಿಸಿದ್ದಾರೆ. ಉರೆಡ್‌ಪ್ಲಾಸ್ಸೆನ್ ಅನ್ನುವ ಕಡೆ 2018ರಲ್ಲಿ ಆದ ಟಾಯ್ಲೆಟ್ ಎಷ್ಟು ಚೆನ್ನಾಗಿದೆ ಅಂದರೆ ಜನ ಅದರ ಫೋಟೋ ತೆಗೆಯಲು ನಿಲ್ಲುತ್ತಾರೆ. ನಮಗೆ ಅಷ್ಟು ಬೇಡ. ನೀರು ಬರಲಿ, ಬಾಗಿಲಿಗೆ ಚಿಲಕ ಇರಲಿ.

ಪ್ರಶ್ನೆ: ಇಷ್ಟೆಲ್ಲ ಮಾತಾಡ್ತೀರಲ್ಲ, ನೀವು ಕಟ್ಟಿದ್ದು ಹೇಗಿದೆ?
(ಹುಬ್ಬಳ್ಳಿ)

ಉತ್ತರ: ಮೊದಲನೆಯದು ಕೆಟ್ಟದಾಗಿತ್ತು. ಪಶ್ಚಿಮ ಘಟ್ಟದ ಒಂದು ರೆಸಾರ್ಟ್, ಹೆಸರು ಬೇಡ. ಆಗ ನನಗೆ ಇಪ್ಪತ್ತೊಂಬತ್ತು. ಕಣಿವೆಯ ಕಡೆಗೆ, ಅಂದರೆ ಸರಿಯಾಗಿ ಪಶ್ಚಿಮಕ್ಕೆ, ನೆಲದಿಂದ ಛಾವಣಿಯ ತನಕ ಗಾಜು ಹಾಕಿದ ಊಟದ ಹಾಲ್ ಮಾಡಿದೆ. ಫೋಟೋ ಚೆನ್ನಾಗಿ ಬಂತು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಇಡೀ ಗೋಡೆಗೆ ದಪ್ಪ ಪರದೆ, ಪರದೆಯ ಮೇಲೆ ಹೂವು. ಮಧ್ಯಾಹ್ನ ಎರಡರ ಮೇಲೆ ಒಳಗೆ ಕೂರಲು ಆಗುತ್ತಿರಲಿಲ್ಲವಂತೆ. ಸರಿ, ಸಂಜೆಯಾದರೂ ತೆಗೆಯಿರಿ ಅಂದೆ. ಆರೂವರೆಗೆ ಒಳಗೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಗಾಜು ಕನ್ನಡಿಯಾಯಿತು. ಕಣಿವೆ ಮಾಯ, ಅನ್ನ ತಿನ್ನುತ್ತಿರುವ ನಮ್ಮದೇ ಮುಖ. ಹೊರಗಿಗಿಂತ ಒಳಗೆ ಬೆಳಕು ಜಾಸ್ತಿ ಆದರೆ ಹೀಗಾಗುತ್ತದೆ ಅನ್ನುವುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕೆಲಸದಲ್ಲಿ ಗೊತ್ತಿರಲಿಲ್ಲ.

ಅಡುಗೆಯವರು ಇನ್ನೊಂದು ತೋರಿಸಿದರು. ಗಾಜಿನ ಬುಡದಲ್ಲಿ ಸತ್ತ ಪಿಕಳಾರ. ಗಾಜಿನಲ್ಲಿ ಕಾಡು ಕಂಡು ಹಾರಿ ಬಂದು ಹೊಡೆದುಕೊಂಡಿದ್ದು. 'ವಾರಕ್ಕೆ ಒಂದೆರಡು ಇರ್ತವೆ ಸರ್' ಅಂದರು. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಅಷ್ಟಿಷ್ಟು ಸರಿ ಮಾಡಿದೆವು. ಮಾಡನ್ನು ಎರಡು ಮೀಟರ್ ಮುಂದಕ್ಕೆ ಇಳಿಸಿದೆವು. ಗಾಜಿನ ಮುಕ್ಕಾಲು ಭಾಗ ತೆಗೆದು ಗೋಡೆ ಕಟ್ಟಿದೆವು. ಉಳಿದ ಗಾಜನ್ನು ಮೇಲ್ಭಾಗ ಹೊರಗೆ ವಾಲುವ ಹಾಗೆ ನಿಲ್ಲಿಸಿದೆವು. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿ ಗಾಜು ಹಾಗೆ ವಾಲಿರುವುದನ್ನು ನೋಡಿರುತ್ತೀರಿ, ಒಳಗಿನ ಪ್ರತಿಬಿಂಬ ಕಣ್ಣಿಗೆ ಬರದಿರಲಿ ಅಂತ. ದೀಪಗಳನ್ನು ಮೇಜಿನ ಮಟ್ಟಕ್ಕೆ ಇಳಿಸಿದೆವು. ಈಗ ಪರದೆ ಇಲ್ಲ. ಮಾಲೀಕರು ಎರಡನೇ ಸಲದ ಫೀ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಪ್ರಶ್ನೆ: ತುಕ್ಕು ಬಣ್ಣದ ಸ್ಟೀಲ್ ಈಗ ಎಲ್ಲ ಕಡೆ ಫ್ಯಾಷನ್. ನಾರ್ವೆಯ ಟ್ರೋಲ್‌ಸ್ಟೀಗನ್ ವ್ಯೂ ಪಾಯಿಂಟ್ ಫೋಟೋ ನೋಡಿದೆ, ಸೂಪರ್. ಆಗುಂಬೆ ಕಡೆ ಹಾಕಬಹುದಾ?
(ತೀರ್ಥಹಳ್ಳಿ)

ಉತ್ತರ: ಬೇಡ. ಆ ಸ್ಟೀಲ್ ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ, ಮೇಲೆ ಗಟ್ಟಿ ಪದರ ಕಟ್ಟಿಕೊಳ್ಳಬೇಕು. ಆಗ ತುಕ್ಕು ಅಲ್ಲಿಗೇ ನಿಲ್ಲುತ್ತದೆ. ನಿಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಯಾವುದು ಒಣಗುತ್ತದೆ ಹೇಳಿ? ಬನಿಯನ್ನೇ ಒಣಗುವುದಿಲ್ಲ. ಪದರ ಕಟ್ಟದೆ ತುಕ್ಕು ತಿನ್ನುತ್ತಲೇ ಇರುತ್ತದೆ, ಕೆಳಗಿನ ಕಲ್ಲಿಗೆಲ್ಲ ಕೆಂಪು ಕಲೆ. ಜಂಬಿಟ್ಟಿಗೆಯಲ್ಲಿ ಅದೇ ಬಣ್ಣ ಪುಕ್ಕಟೆ ಸಿಗುತ್ತದಲ್ಲ.

ಪ್ರಶ್ನೆ: ನಮ್ಮದು ಸಣ್ಣ ಹೋಂಸ್ಟೇ. ಹಿತ್ತಿಲಿನಲ್ಲಿ ನಿಂತರೆ ಕಣಿವೆ ಕಾಣುತ್ತದೆ, ಆದರೆ ಒಂದು ದೊಡ್ಡ ಹಲಸಿನ ಮರ ಅಡ್ಡ ಇದೆ. ಮರ ತೆಗೆಸಿ ಒಂದು ಡೆಕ್ ಹಾಕಿಸೋಣ ಅಂತ ಯಜಮಾನರು. ನನಗೆ ಮನಸ್ಸಿಲ್ಲ. ಬಜೆಟ್ಟೂ ಕಡಿಮೆ. ಏನು ಮಾಡಲಿ?
(ಸಿದ್ದಾಪುರ)

ಉತ್ತರ: ಮರ ಅಡ್ಡ ಇಲ್ಲಮ್ಮ, ಅದೇ ನಿಮ್ಮ ಚೌಕಟ್ಟು. ಕಾಂಡ ಒಂದು ಪಕ್ಕ, ಮೇಲಿನ ಕೊಂಬೆ ಇನ್ನೊಂದು ಪಕ್ಕ, ನಡುವೆ ಕಣಿವೆ. ಹತ್ತಿರದ ವಸ್ತು ಒಂದಿದ್ದರೆ ತಾನೇ ದೂರದ್ದು ದೂರ ಅಂತ ಗೊತ್ತಾಗುವುದು. ಮರ ತೆಗೆದರೆ ಕಣಿವೆ ಹತ್ತಿರ ಬಂದು ಚಪ್ಪಟೆಯಾಗುತ್ತದೆ.

ಹೀಗೆ ಮಾಡಿ. ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹಿತ್ತಿಲಿನಲ್ಲಿ ದಿನಕ್ಕೊಂದು ಜಾಗದಲ್ಲಿ ಹಾಕಿ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕೂತು ನೋಡಿ. ಯಜಮಾನರನ್ನೂ ಕೂರಿಸಿ. ಎಲ್ಲಿ ಕೂತಾಗ ಎದ್ದು ಹೋಗಲು ಮನಸ್ಸು ಬರುವುದಿಲ್ಲವೋ ಅಲ್ಲಿ ಒಂದು ಗೂಟ ಹೊಡೆಯಿರಿ. ಈ ಮಳೆಗಾಲ ಪೂರ್ತಿ ಹೀಗೇ ಬಿಡಿ. ಗೂಟ ಎರಡು ಸಲವಾದರೂ ಜಾಗ ಬದಲಾಯಿಸುತ್ತದೆ, ನೋಡುತ್ತಿರಿ. ದೀಪಾವಳಿ ಕಳೆದ ಮೇಲೆ ಅದು ಎಲ್ಲಿದೆಯೋ ಅಲ್ಲಿ ಕಲ್ಲಿನ ಕಟ್ಟೆ, ನಾಲ್ಕು ಕಂಬ, ಹಳೆಯ ಹೆಂಚು. ಕಟ್ಟೆಯ ಎತ್ತರ 45 ಸೆಂಟಿಮೀಟರ್ ಸಾಕು. ಕೊಂಬೆ ಏನಾದರೂ ಸವರಬೇಕಿದ್ದರೆ ಕಟ್ಟೆಯ ಮೇಲೆ ಕೂತು ನೋಡಿದ ಮೇಲೆ ಒಂದೇ ಒಂದು ಸವರಿ. ಮೇ ತಿಂಗಳಲ್ಲಿ ಹಲಸಿನ ಹಣ್ಣು ಕಟ್ಟೆಯ ಮೇಲೆ ಬೀಳದಷ್ಟು ದೂರ ಇರಲಿ, ಅತಿಥಿಗಳ ತಲೆ ಮುಖ್ಯ.